ಹ್ಯಾಂಡಲ್ಲಿನೊಳಗಿನ ಸದ್ದು

ಜೂನ್ ೪, ಮಂಗಳವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು, ಗುಬ್ಬಿ ಕಾಲು. ಬಲಗೈ ಮಣಿಕಟ್ಟು ಮುರಿದು ಹದಿನೈದು ದಿನ. ಒಂಟಿ ಕೈಯಲ್ಲಿ ಹಾಲು ಉಕ್ಕಿಸಿ, ಪಾತ್ರೆ ಸೀಯಿಸಿ, ನನ್ನ ಕೋಣೆಯಲ್ಲೇ ಹೇಗೋ ಇದ್ದೆ. ಇವತ್ತು ಅಕ್ಕ ಬಂದು ಕರೆದುಕೊಂಡು ಬಂದಳು. ಎಳೆದುಕೊಂಡು ಬಂದಳು ಎನ್ನುವುದೇ ಸರಿ. ಅಕ್ಕನ ಮನೆಯಲ್ಲಿ ಜುಲೈ ಮೂವತ್ತೊಂದರ ತನಕ, ಆಮೇಲೆ ನನ್ನ ಕೋಣೆಗೆ. ಇನ್ನು ಐವತ್ತೇಳು ದಿನ.

ಜೂನ್ ೭, ಶುಕ್ರವಾರ

ಪ್ಲಾಸ್ಟರಿನ ಒಳಗೆ ತುರಿಕೆ. ಅಕ್ಕ ಕೆರೆಯಲು ಹೆಣಿಗೆ ಕಡ್ಡಿ ಕೊಟ್ಟಳು. ಎರಡು ನಿಮಿಷಕ್ಕೆ "ಒಳಗೆ ಗಾಯ ಮಾಡ್ಕೋತೀಯ" ಎಂದು ಕಿತ್ತುಕೊಂಡಳು. ಮೂವತ್ತೇಳು ವರ್ಷ ನರ್ಸ್ ಆಗಿದ್ದವಳು. ನಿವೃತ್ತಿ ಆಗಿದ್ದು ಆಸ್ಪತ್ರೆಯಿಂದ ಮಾತ್ರ.

ಕನ್ನಡಕದ ಅಂಗಡಿಯ ಯಜಮಾನ ಫೋನ್ ಮಾಡಿದ್ದ. "ಜುಲೈ ಮುಗಿಯೋ ತನಕ ಕಾಯ್ತೀನಿ ಮೇಡಂ. ಆಮೇಲೆ ಬೇರೆಯವ್ರನ್ನ ನೋಡ್ಬೇಕಾಗತ್ತೆ, ತಪ್ಪು ತಿಳ್ಕೋಬೇಡಿ." ತಪ್ಪೇನು ತಿಳಿಯಲಿ? ಅವನ ಅಂಗಡಿಯ ಸ್ಟೂಲಿನಿಂದಲೇ ನಾನು ಬಿದ್ದದ್ದು. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತು ಫ್ರೇಮಿಗೆ ಗಾಜು ಕೂರಿಸುತ್ತಿದ್ದೇನೆ. ಸಾಸಿವೆ ಕಾಳಿನಷ್ಟು ಸ್ಕ್ರೂ. ಹೆಬ್ಬೆರಳು, ತೋರುಬೆರಳು ಎರಡೂ ಕೂಡಿ ಅದನ್ನು ಹಿಡಿದರೆ ನನಗೆ ಕೆಲಸ ಉಂಟು. ಹಿಡಿಯದಿದ್ದರೆ ಈ ಐವತ್ತೇಳನೇ ವಯಸ್ಸಿನಲ್ಲಿ ಅಕ್ಕನ ಕೈ ನೋಡಿಕೊಂಡು ಇಲ್ಲೇ ಬಿದ್ದಿರಬೇಕು. ಅದೊಂದು ಆಗಬಾರದು. ಐವತ್ತನಾಲ್ಕು ದಿನ.

ಜೂನ್ ೧೨, ಬುಧವಾರ

ಅಕ್ಕನ ಕಿವಿ ಮಂದವಾಗಿದೆ. ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು. ಆದರೂ ಈಗಲೂ ಸೈಕಲ್ ತುಳಿದುಕೊಂಡು ತರಕಾರಿಗೆ ಹೋಗುತ್ತಾಳೆ. ಹಿಂದಿನ ಚಕ್ರ ಬೆಂಡಾಗಿ ಬ್ರೇಕಿಗೆ ತಾಗುತ್ತದೆ. ಛರಕ್, ಛರಕ್, ಛರಕ್. ಬೀದಿ ತಿರುವಿನಲ್ಲಿ ಅವಳಿಗಿಂತ ಮೊದಲು ಸದ್ದು ಬರುತ್ತದೆ. ಅವಳಿಗೆ ಮಾತ್ರ ಕೇಳುವುದಿಲ್ಲ.

ಬಚ್ಚಲಲ್ಲಿ ಟವೆಲ್ ಹಾಕಲು ಹಳೆಯ ಸೈಕಲ್ಲಿನ ಹ್ಯಾಂಡಲ್ ಒಂದನ್ನು ಗೋಡೆಗೆ ಬಿಗಿಸಿದ್ದಾಳೆ. ಯಾವ ಸೈಕಲ್ಲಿನದು ಎಂದು ನಾನು ಕೇಳಲಿಲ್ಲ. ಗೊತ್ತು. ನನ್ನ ಟವೆಲ್ಲನ್ನು ಕುರ್ಚಿಯ ಬೆನ್ನಿಗೆ ಹಾಕುತ್ತೇನೆ.

"ಅಲ್ಲೇ ಹಾಕೇ, ಬೇಗ ಒಣಗತ್ತೆ."

"ಕೈ ಎಟುಕಲ್ಲ."

ಎಟುಕುತ್ತದೆ. ನಲವತ್ತೊಂಬತ್ತು ದಿನ.

ಜೂನ್ ೨೦, ಗುರುವಾರ

ಎಡಗೈ ಸ್ವಲ್ಪ ಪಳಗಿದೆ. ಮಾಡಲು ಬೇರೆ ಕೆಲಸವೂ ಇಲ್ಲ, ಬರೆಯೋಣ.

ಊಟದ ಹೊತ್ತಿಗೆ ಅಕ್ಕ ಇದ್ದಕ್ಕಿದ್ದಂತೆ, "ನೀರು ನಿಲ್ಸೋ ವಾರ ನೆನಪಿದ್ಯಾ?" ಎಂದಳು. ನೆನಪಿರದೆ ಏನು! ಅಪ್ಪನಿಗೆ ಕಾಲುವೆಯ ತೂಬು ಎತ್ತಿ ಇಳಿಸುವ ಕೆಲಸ. ವರ್ಷಕ್ಕೊಂದು ವಾರ ಹೂಳು ತೆಗೆಯಲು ನೀರು ನಿಲ್ಲಿಸುತ್ತಿದ್ದರು. ಎರಡನೆಯ ದಿನಕ್ಕೆ ಸೇತುವೆಯ ಕೆಳಗೆ ಕೆಸರಿನೊಳಗಿಂದ ಸೈಕಲ್ಲುಗಳು ಒಂದೊಂದಾಗಿ ಬೆನ್ನು ತೋರಿಸುತ್ತಿದ್ದವು. ಕದ್ದವರು ಎಸೆದದ್ದು, ಕುಡಿದವರು ಸೈಕಲ್ ಸಮೇತ ಬಿದ್ದು ತಾವು ಮಾತ್ರ ಎದ್ದು ಹೋದದ್ದು, ಸುಮ್ಮನೆ ಬೇಡವಾದದ್ದು. ಯಾರೂ ಕೇಳಿಕೊಂಡು ಬರುತ್ತಿರಲಿಲ್ಲ. ಎಂಟು ದಿನದೊಳಗೆ ಎಳೆದುಕೊಂಡದ್ದು ನಮ್ಮದು, ಉಳಿದದ್ದು ಮತ್ತೆ ನೀರಿನದು.

ಅಪ್ಪನ ಷರತ್ತು ಒಂದೇ, ಸೇತುವೆಯ ಕಂಬ ದಾಟಬಾರದು. ಅಕ್ಕ ಮೊಣಕಾಲು ಮುಳುಗುವ ಕೆಸರಿಗಿಳಿದು ಕೊಕ್ಕೆ ಸಿಕ್ಕಿಸುತ್ತಿದ್ದಳು, ನಾನು ದಡದಲ್ಲಿ ಹಗ್ಗ ಹಿಡಿದು ಎಳೆಯುತ್ತಿದ್ದೆ. ಒಮ್ಮೆ ಹಗ್ಗ ಜಾರಿ ನಾನು ಹಿಂದಕ್ಕೆ ಬಿದ್ದೆ, ಅವಳು ಮುಂದಕ್ಕೆ ಬಿದ್ದಳು. ಅಮ್ಮನಿಗೆ ನಮ್ಮಿಬ್ಬರಲ್ಲಿ ಯಾರು ಯಾರೆಂದೇ ಗೊತ್ತಾಗಲಿಲ್ಲ, ಇಬ್ಬರಿಗೂ ಒಟ್ಟಿಗೆ ಬೈದಳು. "ಇದು ಮನೇನೋ ಗುಜರಿ ಅಂಗಡೀನೋ?" ಎಂಬುದು ಅವಳ ಆ ವಾರದ ಮಾತು. ಒಂದು ಸೈಕಲ್ಲಿನ ಸೀಟಿನ ಕೆಳಗೆ ಏಡಿಯೊಂದು ಮಕ್ಕಳುಮರಿ ಸಮೇತ ಸಂಸಾರ ಹೂಡಿತ್ತು. ಅಕ್ಕ ಅವನ್ನೆಲ್ಲ ಬಕೆಟ್ಟಿನಲ್ಲಿ ಹೊತ್ತು ಕಾಲುವೆಗೆ ವಾಪಸ್ ಬಿಟ್ಟು ಬಂದಳು. ಆಗಲೂ ನರ್ಸೇ.

ನಗು ಬಂತು. ಅವಳೂ ನಕ್ಕಳು. ಆಮೇಲೆ ಹಿಂದಿನ ಚಕ್ರದ ಮಾತೆತ್ತಿ, "ಗಿಣಿ ಇದ್ದಿದ್ರೆ ನಾವೇ ಸರಿ ಮಾಡ್ಬಹುದಿತ್ತು, ಅಲ್ವಾ?" ಎಂದಳು. ನಾನು ತಟ್ಟೆ ಎತ್ತಿಕೊಂಡು ಎದ್ದೆ. ಗಿಣಿ ಎಂದರೆ ಚಕ್ರ ಸರಿಮಾಡಲು ಅಪ್ಪ ಮಾಡಿಕೊಟ್ಟ ಚಾವಿ. ಅದನ್ನು ನಮ್ಮ ಸೈಕಲ್ ಜೊತೆ ಹೊತ್ತುಕೊಂಡು ಹೋದವಳು ಅವಳೇ. ನಲವತ್ತೊಂದು ದಿನ.

ಜೂನ್ ೨೮, ಶುಕ್ರವಾರ

ಪ್ಲಾಸ್ಟರ್ ಬಿಚ್ಚಿದರು. ಕೈ ನನ್ನದಲ್ಲ. ಬಿಳಚಿಕೊಂಡು, ಒಣಗಿ, ಕೋಲಾಗಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎರಡು ಬೆರಳಿನ ಜಾಗ. ಮುಚ್ಚುವುದಿಲ್ಲ. ಡಾಕ್ಟರು "ನೋಡೋಣ" ಎಂದರು. ಮೂವತ್ಮೂರು ದಿನ.

ಜುಲೈ ೩, ಬುಧವಾರ

ಕಸರತ್ತು ಹೇಳಿಕೊಡುವ ಹುಡುಗಿ ಹಿಟ್ಟಿನುಂಡೆಯಂಥದ್ದೊಂದು ಕೊಟ್ಟು ಹಿಸುಕಲು ಹೇಳಿದ್ದಾಳೆ. ಹಿಟ್ಟಿನ ಮೇಡಂ ಎಂದು ಹೆಸರಿಟ್ಟಿದ್ದೇನೆ. "ಆಂಟಿ, ಚಿಕ್ಕ ಮಗು ಕೆನ್ನೆ ಹಿಂಡಿದ ಹಾಗೆ ಹಿಂಡಿ" ಎನ್ನುತ್ತಾಳೆ. ನಾನು ಯಾವ ಮಗುವಿನ ಕೆನ್ನೆಯನ್ನೂ ಹಿಂಡಿದವಳಲ್ಲ. ನೋವಿಗೆ ಕಣ್ಣಲ್ಲಿ ನೀರು ಬಂತು. ಬೆರಳು ಒಂದು ಕೂದಲೆಳೆಯೂ ಹತ್ತಿರ ಬರಲಿಲ್ಲ. ಮನೆಗೆ ಬಂದು ಉಂಡೆಯನ್ನು ಗೋಡೆಗೆ ಎಸೆದೆ. ಅಕ್ಕ ಅದನ್ನು ಕೆರೆದು ತೆಗೆದು, ತೊಳೆದು, ಮತ್ತೆ ನನ್ನ ಪಕ್ಕದಲ್ಲಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಇಪ್ಪತ್ತೆಂಟು ದಿನ. ಆಗುವುದಿಲ್ಲ ಇದು.

ಜುಲೈ ೯, ಮಂಗಳವಾರ

ಪೆನ್ನಿಗೆ ಬಟ್ಟೆ ಸುತ್ತಿಕೊಟ್ಟಿದ್ದಾಳೆ ಅಕ್ಕ. ಬಲಗೈಯ ನಡುವಿನ ಎರಡು ಬೆರಳಲ್ಲಿ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಈಗ ಕೋಳಿ ಕಾಲಿನ ಮಟ್ಟಕ್ಕೆ ಏರಿದೆ.

ಮಧ್ಯಾಹ್ನವೆಲ್ಲ ಉಂಡೆ ಹಿಸುಕುತ್ತ 'ಹನ್ನೊಂದು' ನೆನಪಿಗೆ ಬಂತು. ಹನ್ನೊಂದು ಎಂದರೆ ನಮ್ಮ ಸೈಕಲ್. ಹನ್ನೊಂದು ಸೈಕಲ್ಲುಗಳಿಂದ ಬಿಚ್ಚಿ ಜೋಡಿಸಿದ್ದಕ್ಕೆ ಅಪ್ಪ ಇಟ್ಟ ಹೆಸರು. ಮೂರು ವರ್ಷದ ನೀರು ನಿಲ್ಲಿಸುವ ವಾರಗಳು ಅದಕ್ಕೆ ಹೋದವು. ಫ್ರೇಮ್ ಹಸಿರು, ಮುಂದಿನ ಮಡ್‌ಗಾರ್ಡ್ ಕೆಂಪು, ಹಿಂದಿನದು ಇಲ್ಲವೇ ಇಲ್ಲ. ಎಡ ಪೆಡಲ್ ಹೆಂಗಸರ ಸೈಕಲ್ಲಿನದು, ಬಲ ಪೆಡಲ್ ಹಾಲಿನವನ ಸೈಕಲ್ಲಿನದು. ತುಳಿದರೆ ಕುಂಟಿದಂತೆ ಆಗುತ್ತಿತ್ತು. ನಾವಿಬ್ಬರೂ ಅದಕ್ಕೇ ಒಗ್ಗಿಕೊಂಡು, ಬೇರೆಯವರ ಸೈಕಲ್ ಹತ್ತಿದರೆ ಓಲಾಡುತ್ತಿದ್ದೆವು.

ಚಕ್ರದ ಬೆಂಡ್ ತೆಗೆಯಲು ಕಡ್ಡಿ ಬಿಗಿಯುವ ಚಾವಿ ಬೇಕು. ಅಪ್ಪ ತೂಬಿನ ಸವೆದ ಉಕ್ಕಿನ ತುಂಡೊಂದನ್ನು ಅರದಿಂದ ಉಜ್ಜಿ ಉಜ್ಜಿ ಮಾಡಿಕೊಟ್ಟ. ನನ್ನ ಕಿರುಬೆರಳಿನಷ್ಟು ಉದ್ದ, ಅಷ್ಟೇ ದಪ್ಪ. ಒಂದು ತುದಿ ಹೆಬ್ಬೆರಳು ಕೂರಲು ಚಪ್ಪಟೆ, ಇನ್ನೊಂದು ತುದಿಯಲ್ಲಿ ಕಡ್ಡಿಯ ತಲೆ ಕಚ್ಚಲು ಸೀಳು. ಆ ತುದಿ ಸ್ವಲ್ಪ ಬಾಗಿ ಕೊಕ್ಕಿನಂತೆ ಇದ್ದುದರಿಂದ ಅದು ಗಿಣಿ. ಬಾಗಿಲ ಹಿಂದಿನ ಮೊಳೆ ಗಿಣಿಯ ಜಾಗ. ತೆಗೆದವರು ಅಲ್ಲೇ ತಿರುಗಿ ತೂಗು ಹಾಕಬೇಕು, ಮರೆತವರಿಗೆ ಮರುದಿನ ಸೈಕಲ್ ಇಲ್ಲ. ನಮ್ಮ ಮನೆಯಲ್ಲಿ ಇದ್ದ ಕಾನೂನು ಅದೊಂದೇ.

ಹನ್ನೊಂದನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದೆವು. ಅಪ್ಪ ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸುತ್ತಿದ್ದ. ರಿಮ್ಮು ಎಲ್ಲಿ ಉಬ್ಬಿದೆಯೋ ಅಲ್ಲಿ ಬಿಳಿ ಗೆರೆ ಬೀಳುತ್ತಿತ್ತು. ಅಕ್ಕ ಆ ಜಾಗದ ಕಡ್ಡಿಗಳನ್ನು ಬೆರಳಿಂದ ಮೀಟುತ್ತಿದ್ದಳು. ಬಿಗಿ ಇದ್ದರೆ ಟಿಣ್, ಸಡಿಲ ಇದ್ದರೆ ಡೊಬ್. ಕಿವಿ ಅವಳದು, ಬೆರಳು ನನ್ನದು. ಅವಳು "ಕಾಲು ಸುತ್ತು" ಎಂದರೆ ನಾನು ಗಿಣಿಯಿಂದ ಕಾಲು ಸುತ್ತು. "ಒಂಚೂರು" ಎಂದರೆ ಒಂಚೂರು. ನನ್ನ ಬೆರಳಿನಷ್ಟು ನಯವಾಗಿ ಯಾರ ಬೆರಳೂ ತಿರುಗಿಸುವುದಿಲ್ಲ ಎಂದು ಅಪ್ಪ ಎಲ್ಲರೆದುರು ಹೇಳುತ್ತಿದ್ದ. ಸಾಸಿವೆ ಕಾಳಿನ ಸ್ಕ್ರೂ ಹಿಡಿಯುವುದನ್ನು ನಾನು ಕಲಿತದ್ದು ಕನ್ನಡಕದ ಅಂಗಡಿಯಲ್ಲಿ ಅಲ್ಲ.

ಅಕ್ಕ ಇವತ್ತು ಮತ್ತೆ ಕೇಳಿದಳು, "ಆ ಗಿಣಿ ಏನಾಯ್ತೋ?" ನಾನು, "ನೀನೇ ತಗೊಂಡ್ ಹೋದ್ಯಲ್ಲ" ಎಂದೆ. ಹಾಗೆ ನೋಡಿದರೆ ಸುಳ್ಳೂ ಅಲ್ಲ.

ಜುಲೈ ೧೪, ಭಾನುವಾರ

ಯಾರೂ ಓದದ ಪುಸ್ತಕ ಇದು. ಇಲ್ಲಿಯೂ ಸುಳ್ಳು ಬರೆದು ಏನು ಸಾಧಿಸಿದಂತಾಯಿತು?

ನನಗೆ ಹದಿಮೂರು, ಅಕ್ಕನಿಗೆ ಹದಿನೆಂಟು. ನರ್ಸಿಂಗ್ ಕಲಿಯಲು ದೊಡ್ಡ ಊರಿನ ಹಾಸ್ಟೆಲ್ಲಿಗೆ ಹೊರಟಿದ್ದಳು. ಹಾಸ್ಟೆಲ್ಲಿಗೂ ಆಸ್ಪತ್ರೆಗೂ ದೂರ, ಹನ್ನೊಂದನ್ನು ತೆಗೆದುಕೊಂಡು ಹೋಗು ಎಂದು ಅಪ್ಪ ಹೇಳಿದ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. 'ನಮ್ಮ ಸೈಕಲ್' ಅವಳ ಬಾಯಲ್ಲಿ ಒಂದೇ ದಿನಕ್ಕೆ 'ನನ್ನ ಸೈಕಲ್' ಆಯಿತು. ಹೊರಡುವ ಮುನ್ನಾದಿನ ಸಂಜೆ ನಾನು ಮೊಳೆಯಿಂದ ಗಿಣಿ ತೆಗೆದು, ಹ್ಯಾಂಡಲ್ಲಿನ, ಈಗ ಬಚ್ಚಲ ಗೋಡೆಯಲ್ಲಿರುವ ಅದೇ ಹ್ಯಾಂಡಲ್ಲಿನ, ಎಡಗಡೆಯ ರಬ್ಬರ್ ಹಿಡಿ ಎಳೆದು, ಕೊಳವೆಯೊಳಗೆ ಹಾಕಿ, ಹಿಡಿಯನ್ನು ಮತ್ತೆ ತೊಡಿಸಿಬಿಟ್ಟೆ. ದಾರಿಯಲ್ಲಿ ಚಕ್ರ ಬೆಂಡಾಗಲಿ, ಸರಿ ಮಾಡಲು ಚಾವಿ ಸಿಗದಿರಲಿ, ಅವಳು ಸೈಕಲ್ ತಳ್ಳಿಕೊಂಡು ಮನೆಗೆ ಬರಲಿ ಎಂದು.

ಬೆಳಿಗ್ಗೆ ಮೊಳೆ ಖಾಲಿ. ಅಪ್ಪ ಮನೆಯನ್ನೆಲ್ಲ ತಲೆಕೆಳಗು ಮಾಡಿದ. "ನೀನ್ ನೋಡಿದ್ಯಾ?" ಎಂದು ಅಕ್ಕ ನನ್ನನ್ನು ಒಂದೇ ಸಲ ಕೇಳಿದಳು. "ನೀನೇ ಎಲ್ಲೋ ಬಿಸಾಕಿರ್ತೀಯ" ಎಂದೆ. ಅವಳು ಹೊರಟಳು. ತಳ್ಳಿಕೊಂಡು ವಾಪಸ್ ಬರಲೂ ಇಲ್ಲ.

ರಜೆಗೆ ಬಂದಾಗಲೆಲ್ಲ ನಾನು ಮುಖ ಊದಿಸಿಕೊಂಡು ಇರುತ್ತಿದ್ದೆ. ಸೈಕಲ್ ಕಸಿದುಕೊಂಡಳು ಎಂಬ ಸಿಟ್ಟು ಎಂದು ನನಗೆ ನಾನೇ ಹೇಳಿಕೊಂಡೆ. ಸಿಟ್ಟಲ್ಲ, ಹೆದರಿಕೆ. ಆಮೇಲೆ ಅದೇ ಅಭ್ಯಾಸವಾಯಿತು. ಅವಳ ಮದುವೆ ಆಯಿತು, ಅಪ್ಪ ಅಮ್ಮ ಹೋದರು, ಆರು ವರ್ಷದ ಹಿಂದೆ ಭಾವನೂ ಹೋದರು. ನಾನು ಬರುವುದು, ಕುರ್ಚಿಯ ತುದಿಯಲ್ಲಿ ಕೂರುವುದು, ಎದ್ದು ಹೋಗುವುದು. ನಲವತ್ತನಾಲ್ಕು ವರ್ಷ ಹೀಗೇ ಕಳೆದೆ.

ಜುಲೈ ೧೮, ಗುರುವಾರ

ಬೆಳಿಗ್ಗೆ ಅಕ್ಕ ತರಕಾರಿಗೆ ಹೋದವಳು ಸೈಕಲ್ ತಳ್ಳಿಕೊಂಡು ಬಂದಳು. ಮೊಣಕಾಲಿನ ಹತ್ತಿರ ಬಟ್ಟೆ ಹರಿದು ರಕ್ತ ಬಂದಿತ್ತು. ಚಕ್ರ ಬ್ರೇಕಿಗೆ ಕಚ್ಚಿಕೊಂಡು ಗಕ್ಕನೆ ನಿಂತಿತಂತೆ. ಹದಿಮೂರನೇ ವಯಸ್ಸಿನಲ್ಲಿ ನಾನು ಬಯಸಿದ್ದು ಇದನ್ನೇ ಅಲ್ಲವೇ? ಬೆಂಡಾದ ಚಕ್ರ, ತಳ್ಳಿಕೊಂಡು ಬರುವ ಅಕ್ಕ.

ಎಡಗೈಯಲ್ಲೇ ಅವಳ ಗಾಯ ತೊಳೆದೆ. ತೊಳೆಯುತ್ತ ಹೇಳಿದೆ, "ಗಿಣೀನ ಬಚ್ಚಿಟ್ಟಿದ್ದು ನಾನು."

"ಏನಂದೆ?"

"ಗಿಣೀನ ನಾನ್ ಬಚ್ಚಿಟ್ಟಿದ್ದೆ ಅಕ್ಕ."

"ಜೋರಾಗಿ ಹೇಳೇ, ಕೇಳಿಸ್ತಿಲ್ಲ."

ಇಷ್ಟು ವರ್ಷ ಪಿಸುಮಾತಿನಲ್ಲೂ ಬಾರದ್ದನ್ನು ಕಿರುಚಬೇಕಾಯಿತು. "ಗಿಣೀನ ಹ್ಯಾಂಡಲ್ ಒಳಗೆ ಬಚ್ಚಿಟ್ಟಿದ್ದು ನಾನೇ! ನಿನ್ನ ಮೇಲೆ ಹೊಟ್ಟೆಕಿಚ್ಚಿಗೆ!" ಎದುರು ಮನೆಯ ಕಿಟಕಿ ತೆರೆಯಿತು. ತೆರೆದುಕೊಳ್ಳಲಿ.

ಅಕ್ಕ ಗಾಯದ ಮೇಲಿನ ಹತ್ತಿಯನ್ನು ತಾನೇ ಸರಿಪಡಿಸಿಕೊಂಡಳು. "ಎಡಗಡೆ ಹಿಡೀಲಿ. ಗೊತ್ತು."

"ಗೊತ್ತಾ? ಯಾವಾಗಿಂದ?"

"ಮೊದಲ್ನೇ ದಿನದಿಂದ. ಹಾಸ್ಟೆಲ್ ಮುಟ್ಟೋಕ್ ಮುಂಚೇನೇ ಕಟಕಟ ಅಂತಿತ್ತು. ಹಿಡಿ ಎಳೆದು ನೋಡ್ದೆ, ಗಿಣಿ ಕೂತಿದ್ಲು. ಮತ್ತೆ ಒಳಗೇ ಹಾಕ್ದೆ."

"ಯಾಕೆ?"

"ಅಲ್ಲಿ ನಂಗೆ ಯಾರೂ ಗೊತ್ತಿರ್ಲಿಲ್ಲ ಕಣೇ. ಕಲ್ಲಿನ ರಸ್ತೆ. ತುಳೀತಾ ಹೋದ್ರೆ ದಾರಿಯುದ್ದಕ್ಕೂ ಸದ್ದು. ನೀನೇ ಹಿಂದೆ ಕ್ಯಾರಿಯರ್ ಮೇಲೆ ಕೂತು ಗೊಣಗ್ತಾ ಇದ್ದ ಹಾಗೆ ಇತ್ತು. ಧೈರ್ಯ ಬರ್ತಿತ್ತು."

"ಅಪ್ಪ ಎಷ್ಟು ಹುಡುಕಿದ್ರು" ಎಂದೆ.

"ಅಪ್ಪಂಗೆ ಮೊದಲ್ನೇ ರಜೇಲೇ ಹೇಳ್ದೆ. ನಕ್ಕುಬಿಟ್ರು. 'ಅವಳೇ ಹೇಳ್ಲಿ, ನೀನ್ ಬಾಯ್ಬಿಡ್ಬೇಡ' ಅಂದ್ರು. ಅದಕ್ಕೇ ಆ ಮೊಳೆ ಕೊನೇ ತನಕ ಕೀಳ್ಲಿಲ್ಲ. ನೀನು ಇಷ್ಟು ಗಟ್ಟಿ ಅಂತ ಅವರಿಗೇನ್ ಗೊತ್ತು."

ನಾನು ಅತ್ತೆ. ಬರೆದುಕೊಳ್ಳಲು ನಾಚಿಕೆ ಇಲ್ಲ, ಗೊಳೋ ಎಂದು ಅತ್ತೆ. ಅಕ್ಕ ಬೆನ್ನು ಸವರಿದಳು. ಆಮೇಲೆ ಬಚ್ಚಲ ಕಡೆ ನೋಡುತ್ತ ಕೇಳಿದಳು, "ಎರಡು ವರ್ಷದಿಂದ ನಂಗದು ಕೇಳಿಸ್ತಿಲ್ಲ. ಇನ್ನೂ ಸದ್ದು ಮಾಡತ್ತಾ?"

ಬಚ್ಚಲಿಗೆ ಹೋದೆ. ಅವಳ ಟವೆಲ್ಲನ್ನು ಹಿಡಿದು ಎಳೆದೆ. ಹ್ಯಾಂಡಲ್ ಅಲುಗಿತು. ಕಟ್, ಕಟಕಟ.

"ಮಾಡತ್ತೆ!" ಎಂದು ಅಲ್ಲಿಂದಲೇ ಕಿರುಚಿದೆ.

ಜುಲೈ ೨೨, ಸೋಮವಾರ

ಹಿಡಿ ಬರುವುದಿಲ್ಲ ಎನ್ನುತ್ತದೆ. ರಬ್ಬರ್ ಕಲ್ಲಾಗಿದೆ. ಕತ್ತರಿಸಿ ತೆಗೆಯೋಣ ಎಂದೆ. ಅಕ್ಕ ಒಪ್ಪಲಿಲ್ಲ. "ಹಾಕಿದ ಕೈಯೇ ತೆಗೀಲಿ. ಬಲಗೈ." ತಾನು ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಿಸಿನೀರಿನ ಬಟ್ಟೆ ಹಿಂಡಿ ಹಿಂಡಿ ಕೊಡುತ್ತಾಳೆ. ಮೂರು ದಿನದಿಂದ ದಿನಕ್ಕೆ ಮೂರು ಹೊತ್ತು ಇದೇ. ಬಟ್ಟೆ ಸುತ್ತುವುದು, ಹಿಡಿಯುವುದು, ತಿರುಚುವುದು, ಅವಳಿಗೂ ಹ್ಯಾಂಡಲ್ಲಿಗೂ ಸೇರಿಸಿ ಬೈಯುವುದು. ಹಿಟ್ಟಿನ ಮೇಡಂ ಇವತ್ತು ಕೈ ನೋಡಿ, "ಆಂಟಿ, ಉಂಡೆ ಚೆನ್ನಾಗಿ ಕೆಲಸ ಮಾಡಿದೆ" ಎಂದು ಖುಷಿಪಟ್ಟಳು. ಪಾಪ, ಅವಳ ಸಂತೋಷ ಯಾಕೆ ಕೆಡಿಸಲಿ.

ಸಂಜೆ ನಾಲ್ಕಕ್ಕೆ ಹಿಡಿ ಪುಳಕ್ ಎಂದು ಕೈಗೆ ಬಂತು. ಗಿಣಿ ಜಾರಿ ಬಕೆಟ್ಟಿನೊಳಗೆ ಬಿತ್ತು. ಅಕ್ಕ ನೀರಿಗೆ ಕೈ ಹಾಕಿ ತೆಗೆದಳು. ತುಕ್ಕು ಹಿಡಿದಿದೆ, ಕೊಕ್ಕು ನೆಟ್ಟಗಿದೆ. ಇಷ್ಟು ಚಿಕ್ಕದೇ ಇದು? ರಾತ್ರಿಗೆ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೇವೆ.

ಜುಲೈ ೨೭, ಶನಿವಾರ

ಅಂಗಳದಲ್ಲಿ ಸೈಕಲ್ ತಲೆಕೆಳಗಾಗಿ ನಿಂತು ಐದು ದಿನ. ನಡೆದುಕೊಂಡು ಹೋಗುವವರೆಲ್ಲ ಒಂದು ಸಲಹೆ ಕೊಟ್ಟು ಹೋಗುತ್ತಾರೆ.

ಸೀಮೆಸುಣ್ಣ ಅಕ್ಕನ ಕೈಗೆ. ಕಡ್ಡಿ ಮೀಟುವುದೂ ತಿರುಗಿಸುವುದೂ ನನ್ನ ಪಾಲಿಗೆ. ಮೊದಲ ದಿನ ಹೆಬ್ಬೆರಳು ಗಿಣಿಯ ಬೆನ್ನಿಗೆ ತಾಗಲೇ ಇಲ್ಲ, ಅಂಗೈಯಿಂದ ತಳ್ಳಿದೆ. ಎರಡನೆಯ ದಿನ ತಾಗಿತು, ಹಿಡಿಯಲಿಲ್ಲ. ನಿನ್ನೆ ಹಿಡಿಯಿತು. ಇವತ್ತು ಕಾಲು ಸುತ್ತು, ಅರ್ಧ ಸುತ್ತು, ಒಂಚೂರು. ನೋವಿದೆ, ಇರಲಿ. ನಾನು ಮೀಟಿದ ಕಡ್ಡಿಯ ಮೇಲೆ ಅಕ್ಕ ಬೆರಳಿಟ್ಟು ಅದುರುವುದನ್ನು ನೋಡಿಕೊಳ್ಳುತ್ತಾಳೆ. "ಇದು ಡೊಬ್ ಅಲ್ವಾ?" ಎನ್ನುತ್ತಾಳೆ. ಡೊಬ್ಬೇ.

ಐದು ಗಂಟೆಗೆ ಚಕ್ರ ತಿರುಗಿಸಿದೆವು. ಸೀಮೆಸುಣ್ಣದ ಗೆರೆ ಸುತ್ತಲೂ ಒಂದೇ ಸಮ ಬಿತ್ತು. ಅಕ್ಕ ಗೇಟಿನ ತನಕ ಹೋಗಿ ಬಂದಳು. ಛರಕ್ ಇಲ್ಲ. ನಾಳೆಯಿಂದ ಅವಳು ತಿರುವಿನಲ್ಲಿ ಬರುವುದು ನನಗೆ ಹೇಗೆ ಗೊತ್ತಾಗಬೇಕು? ಸೈಕಲ್ಲಿಗೆ ಒಂದು ಗಂಟೆ ತಂದು ಕಟ್ಟಬೇಕು.

ಜುಲೈ ೩೧, ಬುಧವಾರ

ಅಂಗಡಿಗೆ ಹೋಗಿದ್ದೆ. ನನ್ನ ಮೇಜು, ನನ್ನ ದೀಪ, ಅದೇ ಸ್ಟೂಲು. ಯಜಮಾನ ಒಂದು ಹಳೆಯ ಫ್ರೇಮನ್ನೂ ಒಂದು ಚಿಟಿಕೆ ಸ್ಕ್ರೂಗಳನ್ನೂ ಮುಂದಿಟ್ಟು, ತಾನು ಬೇರೆ ಕಡೆ ನೋಡುವವನಂತೆ ನಿಂತ. ಮೊದಲನೆಯ ಸ್ಕ್ರೂ ಬೆರಳ ಸಂದಿಯಿಂದ ಜಾರಿ ನೆಲಕ್ಕೆ ಹೋಯಿತು. ಇಬ್ಬರೂ ಮೊಣಕಾಲೂರಿ ಹುಡುಕಿದೆವು, ಸಿಗಲಿಲ್ಲ. ಎರಡನೆಯದನ್ನು ಎತ್ತುವಾಗ ಬಾಯಿಂದ "ಒಂಚೂರು" ಎಂದು ಬಂದುಬಿಟ್ಟಿತು. ಬೆರಳೆರಡೂ ಕೂಡಿದವು. ಸ್ಕ್ರೂ ತನ್ನ ತೂತಿನಲ್ಲಿ ಕೂತಿತು. ಕಾಲು ಸುತ್ತು, ಅರ್ಧ ಸುತ್ತು.

"ನಾಳೆಯಿಂದ ಬನ್ನಿ ಮೇಡಂ" ಎಂದ.

ಮನೆಗೆ ಬಂದಾಗ ಅಕ್ಕ ಗೇಟಿಗೆ ಒರಗಿ ನಿಂತಿದ್ದಳು. ನಾನು ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ಅವಳ ಮೂಗಿನ ಹತ್ತಿರ ಹಿಡಿದೆ. ಅವಳು ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ದಾರಿಯಲ್ಲಿ ಒಂದು ಮೊಳೆ ತಂದಿದ್ದೆ, ಬಾಗಿಲ ಹಿಂದೆ ಹೊಡೆಯಲು. ಅಕ್ಕ ಬೇಡ ಎಂದಳು. ಗಿಣಿಯನ್ನು ನನ್ನ ಕೈಯಲ್ಲಿಟ್ಟು, "ಹ್ಯಾಂಡಲ್ ಒಳಗೇ ಹಾಕು" ಎಂದಳು.

"ಸದ್ದು ಮಾಡತ್ತೆ ಅಕ್ಕ."

"ಮಾಡ್ಲಿ. ನಿಂಗಾದ್ರೂ ಕೇಳಿಸತ್ತಲ್ಲ. ನೀನು ನಂಗೆ ಹೇಳು."

ಹಾಕಿ, ಹಿಡಿಯನ್ನು ಒತ್ತಿ ಕೂರಿಸಿದೆ. ಕುರ್ಚಿಯ ಮೇಲಿದ್ದ ನನ್ನ ಟವೆಲ್ಲನ್ನು ತಂದು ಅವಳದರ ಪಕ್ಕ ಹಾಕಿದೆ. ನನ್ನ ಕೋಣೆಯ ಕಿಟಕಿಯಲ್ಲಿರುವ ಗಿಡಗಳನ್ನು ಭಾನುವಾರ ಇಲ್ಲಿಗೆ ತರಬೇಕು, ಒಣಗಿಹೋಗುತ್ತವೆ. ಇಲ್ಲಿಂದ ಅಂಗಡಿಗೆ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ ಸಾಕು.

ಕೈ ತೊಳೆದು ಟವೆಲ್ ಎಳೆದೆ. ಹೊರಗಿನಿಂದ ಅಕ್ಕ ಕೂಗಿದಳು, "ಮಾಡ್ತಾ?"

"ಮಾಡ್ತು!" ಎಂದು ಕಿರುಚಿದೆ.